ಇದು ಬ್ಲೌಸಲ್ಲ, ಚೈನು

ಹೆದರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ನಿಧಾನವಾಗಿ, ವಿವರವಾಗಿ, ಅಂಚಿಗೆ ಕೈಹೊಲಿಗೆ ಹಾಕಿದಂತೆ ಹೆದರುವವರು ಕಡಿಮೆ. ನಾನು ಆ ಪೈಕಿ. ಲಿಫ್ಟಿಗೆ ಹತ್ತಿದರೆ ಎಲ್ಲರೂ ಗುಂಡಿ ನೋಡುತ್ತಾರೆ, ನಾನು ಮೇಲಿರುವ ಹಗ್ಗವನ್ನು ನೆನೆಯುತ್ತೇನೆ. ಕುಕ್ಕರ್ ಎರಡನೆಯ ಸೀಟಿ ಕೂಗಲು ತಡಮಾಡಿದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಾಯುತ್ತೇನೆ. ಇದಕ್ಕೆ ನನ್ನ ಕಸುಬೂ ಕಾರಣವಿರಬಹುದು. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಕಸೂತಿಯಲ್ಲಿ ಸರಪಳಿ ಹೊಲಿಗೆ ಅಂತ ಒಂದಿದೆ. ನೋಡಲು ಬಹಳ ಚೆಂದ. ಆದರೆ ಕೊನೆಯ ಕುಣಿಕೆಯನ್ನು ಸರಿಯಾಗಿ ಬಂಧಿಸದಿದ್ದರೆ, ದಾರದ ತುದಿ ಹಿಡಿದು ಎಳೆದ ಕೂಡಲೇ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೂವಿದ್ದ ಕಡೆ ಬರೀ ಸೂಜಿಯ ತೂತು ಉಳಿಯುತ್ತದೆ. ಅದನ್ನು ಕಂಡವಳಿಗೆ ಸರಪಳಿ ಎಂಬ ಹೆಸರಿನ ಯಾವುದರ ಮೇಲೂ ನಂಬಿಕೆ ಹುಟ್ಟುವುದಿಲ್ಲ.

ನಮ್ಮ ಮನೆಯವರದು ಇದಕ್ಕೆ ಪೂರಾ ಉಲ್ಟಾ ಸ್ವಭಾವ. ಅವರಿಗೆ ವಿಮೆ ಕಚೇರಿಯಲ್ಲಿ ಕೆಲಸ. ಜನರಿಗೆ ಏನೇನು ಆಗಬಹುದು ಎಂಬುದನ್ನು ದಿನವಿಡೀ ಓದಿ ಓದಿ, ಆಗುವುದೆಲ್ಲ ಬೇರೆಯವರಿಗೇ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಕೂದಲು ನರೆಯುವ ವಯಸ್ಸಿನಲ್ಲಿ ಅವರಿಗೆ ಕಲ್ಲುಮುಳ್ಳಿನಲ್ಲಿ ಓಡಿಸುವ ಬೈಕಿನ ಮೇಲೆ ಮನಸ್ಸಾಯಿತು. ಕುದುರೆಯಷ್ಟು ಎತ್ತರದ್ದು, ಉಬ್ಬುತಗ್ಗಿನ ಟೈರಿನದು. ತಂದ ವಾರದಲ್ಲೇ ಅದರ ಎಡಗಡೆಯಲ್ಲಿದ್ದ ಸೀರೆ ಗಾರ್ಡ್ ಬಿಚ್ಚಿಸಿ ಅಟ್ಟಕ್ಕೆ ಹಾಕಿದರು. ಹಿಂದೆ ಕೂತ ಹೆಂಗಸಿನ ಸೆರಗು ಚಕ್ರಕ್ಕೆ ಸಿಕ್ಕದಿರಲಿ ಅಂತ ಹಾಕಿರುವ ಕಂಬಿ ಅದು. "ರೀ, ಅದ್ಯಾಕ್ರೀ ತೆಗೆದ್ರಿ?" ಅಂದೆ. "ಆಫ್‌ರೋಡ್ ಬೈಕಿಗೆ ಸೀರೆ ಗಾರ್ಡ್ ಇದ್ರೆ ನೋಡೋರು ನಗ್ತಾರೆ ಕಣೇ" ಅಂದರು. ನಾನು ಸೀರೆ ಬಿಟ್ಟು ಚೂಡಿದಾರ ಹೊಲಿದುಕೊಂಡೆ, ದುಪಟ್ಟಾ ಇಲ್ಲದ್ದು. ನೀನ್ಯಾಕೆ ಹೋಗಬೇಕು, ಮನೆಯಲ್ಲಿರು ಎಂದು ನೀವು ಕೇಳಬಹುದು. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಬೈಕಿನ ಹಿಂದೆ ಕೂತು ಹೆದರುವುದು ಮೇಲು. ಏನಾಯಿತು ಎಂಬುದಾದರೂ ಕಣ್ಣಿಗೆ ಕಾಣುತ್ತದೆ.

ಹೀಗಿರುವಾಗ ಒಂದು ಶನಿವಾರ ಅವರು ಹಳೆಯ ಚೈನ್ ತೆಗೆದು ತಾವೇ ಹೊಸದನ್ನು ಹಾಕಲು ಕೂತರು. ಮೆಕ್ಯಾನಿಕ್ ಬೇಡ, ಮೊಬೈಲಿನಲ್ಲಿ ವಿಡಿಯೋ ಇದೆ ಎಂದರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ನೋಡುತ್ತಿದ್ದೆ. ಚೈನಿನ ಎರಡು ತುದಿ ಸೇರಿಸುವ ಕಡೆ ಒಂದು ಕೊಂಡಿ, ಅದು ಕಳಚದಂತೆ ಹಿಡಿಯಲು ಉಗುರಿನಷ್ಟು ಒಂದು ಕ್ಲಿಪ್. ಆ ಕ್ಲಿಪ್ಪಿಗೆ ಒಂದು ಕಡೆ ಮುಚ್ಚಿದ ತಲೆ, ಇನ್ನೊಂದು ಕಡೆ ತೆರೆದ ಬಾಯಿ. ನನ್ನ ಕಣ್ಣಿಗೆ ಅದು ಅಪ್ಪಟ ಬ್ಲೌಸ್ ಹುಕ್ಕು. ಅವರು ಅದರ ಬಾಯಿ ಮುಂದಕ್ಕೆ ಬರುವ ಹಾಗೆ ಕೂರಿಸಿದರು. ಮೇಲಿನ ಸಾಲಿನಲ್ಲಿ ಚೈನ್ ಓಡುವುದೂ ಮುಂದಕ್ಕೇ. ನಾನು ತಡೆಯಲಾರದೆ, "ರೀ, ಹುಕ್ಕಿನ ಬಾಯಿ ಓಡೋ ಕಡೆಗೇ ಇದ್ರೆ ಏನಾದ್ರೂ ತಗುಲಿ ಬಿಚ್ಕೊಳಲ್ವಾ?" ಎಂದೆ. ಅವರು ತಲೆ ಎತ್ತದೆ, "ಇದು ಬ್ಲೌಸಲ್ಲ ಕಣೇ, ಚೈನು" ಎಂದರು.

ನನ್ನ ಕೈಲಾದದ್ದನ್ನು ನಾನೂ ಮಾಡಬೇಕಲ್ಲ. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಒಂದು ನಿಂಬೆಹಣ್ಣು, ಒಂದು ಹಿಡಿ ಹಸಿಮೆಣಸಿನಕಾಯಿ ಪೋಣಿಸಿ ದೃಷ್ಟಿಗೆಂದು ಬೈಕಿಗೆ ಕಟ್ಟಿದೆ. ಮುಂದೆ ಹ್ಯಾಂಡಲ್ಲಿಗೆ ಕಟ್ಟಿದರೆ ಅವರು ಕಿತ್ತು ಹಾಕುತ್ತಾರೆ. ಆದ್ದರಿಂದ ಎಡಗಡೆ, ಚೈನಿನ ಮೇಲೆ ಸೀರೆ ಗಾರ್ಡ್ ಇದ್ದ ಬೋಳು ಜಾಗದಲ್ಲಿ, ಕಾಣದ ಹಾಗೆ ಕಟ್ಟಿದೆ. ಮಾಮೂಲಿ ದಾರವಾದರೆ ಹರಿದು ಹೋದೀತೆಂದು ಬ್ಯಾಗು ಹೊಲಿಯುವ ನೈಲಾನ್ ದಾರ ಹಾಕಿ, ಗಂಟಿನ ಮೇಲೆ ಗಂಟು ಬಿಗಿದೆ. ನಾನು ಕಟ್ಟಿದ್ದು ಈವರೆಗೆ ಬಿಚ್ಚಿಕೊಂಡಿಲ್ಲ.

ಕೆಂಗೇರಿ ದಾಟಿ ಮುಂದೆ ಹೋದರೆ ಒಂದು ಹಳೆಯ ಕಲ್ಲುಕ್ವಾರಿ ಇದೆ. ಅಲ್ಲಿ ಭಾನುವಾರ ಇವರ ಬಳಗ ಸೇರುತ್ತದೆ. ಹಿಂದಿನ ಸಂಜೆ ಮಳೆಯಾಗಿ ಕೆಮ್ಮಣ್ಣು ಹದವಾಗಿ ಕಲಸಿದ ಹಿಟ್ಟಿನಂತಿತ್ತು. ದಾರಿ ಕ್ವಾರಿಯ ಅಂಚಿನಲ್ಲೇ ಏರುತ್ತದೆ. ಎಡಗಡೆ ಆಳದಲ್ಲಿ ಹಸಿರು ನೀರು. ಅದನ್ನು ನೋಡಬಾರದೆಂದು ನಾನು ಕೆಳಗೆ ನನ್ನ ನಿಂಬೆಹಣ್ಣನ್ನೇ ನೋಡುತ್ತ ಕೂತಿದ್ದೆ. ಬೈಕು ಒಂದು ಕಲ್ಲು ಹತ್ತಿ ಇಳಿಯಿತು. ನಿಂಬೆಹಣ್ಣು ಅತ್ತ ತೂಗಿತು, ಇತ್ತ ತೂಗಿತು. ಇನ್ನೊಂದು ಕಲ್ಲು ಬಂತು. ಮತ್ತೆ ನೋಡುತ್ತೇನೆ, ನಿಂಬೆಹಣ್ಣು ಇಲ್ಲ.

ಆ ಕ್ಷಣವನ್ನು ಸರಿಯಾಗಿ ಹೇಳಬೇಕು. ಮೊದಲು ಕಟಕಟ ಎಂದು, ಹೊಲಿಗೆ ಯಂತ್ರದ ಸೂಜಿ ಗುಂಡಿಗೆ ಬಡಿದ ಹಾಗೆ ಸದ್ದಾಯಿತು. ಆಮೇಲೆ ಏನೋ ಒಡೆದಂಥ ದೊಡ್ಡ ಸದ್ದು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು. ಆದರೆ ಬೈಕು ನಿಲ್ಲಲಿಲ್ಲ. ಅದು ಹಿಂಭಾಗವನ್ನು ಮೆಲ್ಲಗೆ ನೀರಿನ ಕಡೆಗೆ ತಿರುಗಿಸುತ್ತ ಜಾರತೊಡಗಿತು. ಆ ಹಿಂಭಾಗದಲ್ಲಿ ಕೂತವಳು ನಾನು. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂಬ ಒಂದೇ ಯೋಚನೆ ಬಂತು. ಆಮೇಲೆ ಬೈಕು ಬಲಕ್ಕೆ ವಾಲಿ ಇಬ್ಬರನ್ನೂ ಕೆಸರಿನಲ್ಲಿ ಮಲಗಿಸಿತು. ಕಣ್ಣು ಬಿಟ್ಟಾಗ ಕ್ವಾರಿಯ ಅಂಚು ಒಂದು ಮಂಚದಷ್ಟು ದೂರದಲ್ಲಿತ್ತು. ನಾವು ಒದ್ದ ಒಂದು ಕಲ್ಲು ಉರುಳಿ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿತು.

"ರೀ, ಇದೀರಾ?" ಎಂದೆ.

"ಇದೀನಿ. ನನ್ನ ಕೈ ಮೇಲೆ ಕೂತಿದೀಯ, ಏಳು ಮೊದ್ಲು."

ಹಿಂದಿನಿಂದ ಬರುತ್ತಿದ್ದ ಚೇತನ್ ಬೈಕು ನಿಲ್ಲಿಸಿ ಓಡಿ ಬಂದ. ನಾಯಂಡಹಳ್ಳಿಯಲ್ಲಿ ಟೈರ್ ಗೋಡೌನ್ ಇಟ್ಟುಕೊಂಡಿರುವ ಹುಡುಗ, ಬಳಗದಲ್ಲೆಲ್ಲ ಬಾಯಿ ಜೋರು. ನಮ್ಮಿಬ್ಬರ ಕೈಕಾಲು ನೆಟ್ಟಗಿರುವುದನ್ನು ನೋಡಿಕೊಂಡು, ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಚೈನ್ ಹಲ್ಲುಚಕ್ರದಿಂದ ಹಾರಿ ಪಕ್ಕಕ್ಕೆ ಸಿಕ್ಕಿಕೊಂಡಿತ್ತು. ಅದರ ಸಂದಿಯಿಂದ ಅವನು ನಿಂಬೆಯ ಬೀಜ, ಸಿಪ್ಪೆ, ಜಜ್ಜಿದ ಮೆಣಸಿನಕಾಯಿ ಒಂದೊಂದಾಗಿ ತೆಗೆದ. "ಏನ್ ಅಂಕಲ್, ಇಲ್ಲಿ ಚಿತ್ರಾನ್ನ ಕಲಸಿದೀರಾ?" ಎಂದ. ಇವರು ನನ್ನ ಕಡೆ ನೋಡಿದರು. ನಾನು ಹಸಿರು ನೀರಿನ ಕಡೆ ನೋಡಿದೆ. ಚೇತನ್ ದಾರ ಹಿಡಿದು ಜಗ್ಗಿದ, ಹಲ್ಲಿನಿಂದ ಕಚ್ಚಿದ. "ಯಪ್ಪಾ! ಆಂಟಿ, ಇದ್ಯಾವ ದಾರ? ಚೈನ್ ಜಾರಿದ್ರೂ ಇದು ಹರಿದಿಲ್ವಲ್ಲ!" ನಾಚಿಕೆಯ ನಡುವೆಯೂ ನನಗೆ ಸ್ವಲ್ಪ ಹೆಮ್ಮೆಯಾಯಿತೆಂದು ಹೇಳಬೇಕು.

ಇವರು ಕೆಸರು ಒರೆಸಿಕೊಂಡು, ಸಿಕ್ಕಿದ್ದೇ ಅವಕಾಶವೆಂದು ಶುರು ಮಾಡಿದರು. "ನಿನ್ನ ಭಯವೇ ಇವತ್ತು ನಮ್ಮನ್ನ ಗುಂಡಿಗೆ ಹಾಕ್ತಿತ್ತು ಕಣೇ. ದೃಷ್ಟಿ ಅಂತೆ!" ಅಷ್ಟರಲ್ಲಿ ಚೇತನ್, "ಅಂಕಲ್, ಒಂದ್ನಿಮಿಷ. ಕ್ಲಿಪ್ಪೇ ಇಲ್ಲ ಇಲ್ಲಿ" ಎಂದ. ಕೊಂಡಿಯ ಹೊರಪಟ್ಟಿ ಅರ್ಧ ಹೊರಗೆ ಬಂದು ತುದಿಯಲ್ಲಿ ನಿಂತಿತ್ತು. "ಹೊಸ ಚೈನ್ ಅಂತೀರ, ಹಾಕಿದ್ದು ಯಾರು? ಬಾಯಿ ಎತ್ತ ಇತ್ತು?" ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. "ಮೇಲಿನ ಸಾಲಲ್ಲಿ, ಬಾಯಿ ಮುಂದಕ್ಕಿತ್ತಪ್ಪ."

ಚೇತನ್ ಹಣೆ ಚಚ್ಚಿಕೊಂಡ. "ಸತ್ವಿ. ಮುಚ್ಚಿರೋ ಕಡೆ ಮುಂದಕ್ಕಿರ್ಬೇಕು ಅಂಕಲ್. ಬಾಯಿ ಮುಂದಿದ್ರೆ ಕಲ್ಲೋ ಕಡ್ಡಿಯೋ ತಗುಲಿ ಕ್ಲಿಪ್ ಜಾರ್ಕೊಂಡು ಹೋಗುತ್ತೆ. ಇಲ್ಲಿ ಜಾರಿದ್ದು ಪುಣ್ಯ. ಮೇಲೆ ಹೋಗಿ ಇಳಿಜಾರಲ್ಲಿ ಕಟ್ ಆಗಿ ಚಕ್ರಕ್ಕೆ ಸುತ್ಕೊಂಡಿದ್ರೆ, ಅಲ್ಲಿ ಅಂಚೇ ಇಲ್ಲ, ಸೀದಾ ನೀರೇ." ತನ್ನ ಚೀಲದಿಂದ ಒಂದು ಕೊಂಡಿ ತೆಗೆದು ಹಾಕಿ, ಕ್ಲಿಪ್ಪಿನ ಬಾಯಿ ಹಿಂದಕ್ಕೆ ಮಾಡಿ ಕೂರಿಸಿದ. ಕ್ಲಿಪ್ಪು ಮೊದಲೇ ಹೋಗಿತ್ತೋ, ನನ್ನ ದಾರದ ಜಗ್ಗಾಟಕ್ಕೆ ಹೋಯಿತೋ, ಅವನಿಗೂ ಹೇಳಲಾಗಲಿಲ್ಲ. ನಮ್ಮನ್ನು ಕೆಡವಿದ್ದು ನನ್ನ ನಿಂಬೆಹಣ್ಣು ಅಂತಲೂ ಆಯಿತು, ಉಳಿಸಿದ್ದೂ ಅದೇ ಅಂತಲೂ ಆಯಿತು. ಇವತ್ತಿಗೂ ಇದನ್ನು ಯೋಚಿಸಿದರೆ ಆ ಕಲ್ಲು ನೀರಿಗೆ ಬೀಳುವ ಸದ್ದಿಗೆ ಕಾಯುತ್ತ ಕೂರುತ್ತೇನೆ. ಆ ದಿನ ಬೈಕು ಮೆಲ್ಲಗೆ ಓಡಿಸಿಕೊಂಡು ಮನೆಗೆ ಬಂದೆವು. ಒಬ್ಬರನ್ನೊಬ್ಬರು ಬೈಯುವ ಹಕ್ಕನ್ನು ಇಬ್ಬರೂ ಕಳೆದುಕೊಂಡಿದ್ದೆವು.

ಈಗ ಸೀರೆ ಗಾರ್ಡ್ ಅಟ್ಟದಿಂದ ಇಳಿದು ತನ್ನ ಜಾಗಕ್ಕೆ ಬಂದಿದೆ. ದೃಷ್ಟಿಯ ನಿಂಬೆಹಣ್ಣು ಹ್ಯಾಂಡಲ್ಲಿಗೆ ಹೋಗಿದೆ, ಹೂ ಕಟ್ಟುವ ಬಾಳೆನಾರಿನಲ್ಲಿ, ಜಗ್ಗಿದರೆ ಹರಿಯುವಂತೆ. ಕೆಸರಿನಿಂದ ಬಂದ ಕೂಡಲೇ ಇವರು ಇಂಜಿನ್ ಆರಿಸಿ, ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನ್ ತಿಕ್ಕುತ್ತಾರೆ, ಒರೆಸಿ ಎಣ್ಣೆ ಬಿಡುತ್ತಾರೆ. ಚೈನ್ ಎಷ್ಟು ಸಡಿಲವಿರಬೇಕೆಂಬುದನ್ನು ಇಬ್ಬರೂ ಹತ್ತಿ ಕೂತಾಗಲೇ ನೋಡಬೇಕಂತೆ. ಭಾರ ಬಿದ್ದಾಗ ಅದು ಬಿಗಿಯುತ್ತದೆ, ಮೊದಲೇ ಬಿಗಿ ಇದ್ದರೆ ಕಡಿದುಹೋಗುತ್ತದೆ. ಹಾಗಾಗಿ ನಾವು ಗಂಡಹೆಂಡತಿ ಹೆಲ್ಮೆಟ್ ಹಾಕಿಕೊಂಡು ಗೇಟಿನೊಳಗೆ ನಿಂತ ಬೈಕಿನ ಮೇಲೆ ಕೂತಿರುತ್ತೇವೆ, ಚೇತನ್ ಬಗ್ಗಿ ಚೈನ್ ಎತ್ತಿ ಎತ್ತಿ ನೋಡುತ್ತಿರುತ್ತಾನೆ. "ಎಲ್ಲಿಗೆ ಹೊರಟ್ರಿ?" ಎಂದು ಎದುರು ಮನೆಯವರು ಕೇಳಿದರೆ, "ಎಲ್ಲಿಗೂ ಇಲ್ಲ" ಎನ್ನುತ್ತೇವೆ. ಕ್ಲಿಪ್ಪು ನೋಡುವ ಕೆಲಸ ಮಾತ್ರ ನನ್ನದು. ಹೊರಡುವ ಮುಂಚೆ ಕನ್ನಡಕ ಏರಿಸಿ ಕೂರುತ್ತೇನೆ. ಮುಚ್ಚಿದ್ದು ಮುಂದೆ, ಬಾಯಿ ಹಿಂದೆ. ಬಳಗದವರೂ "ಆಂಟಿ, ನಂದೂ ಒಂಚೂರು ನೋಡಿ" ಎಂದು ಬೈಕು ತಂದು ನಿಲ್ಲಿಸುತ್ತಾರೆ. ಮಲಗಿದರೂ ಕಣ್ಣೆದುರು ಅದೇ. ಮುಚ್ಚಿದ್ದು ಮುಂದೆ, ಬಾಯಿ ಹಿಂದೆ.

ಮೊನ್ನೆ ಎದುರು ಮನೆಯ ಸುಮಾ ಮದುವೆಗೆಂದು ಹೊಲಿಸಿದ ರೇಷ್ಮೆ ಬ್ಲೌಸ್ ಹಿಡಿದುಕೊಂಡು ಬಂದಳು. ನನ್ನ ಹೊಲಿಗೆಗೆ ಯಾರೂ ಈವರೆಗೆ ಹೆಸರಿಟ್ಟವರಿಲ್ಲವಾದ್ದರಿಂದ ನಾನು ಹೊಗಳಿಕೆಗೆ ಸಿದ್ಧಳಾಗಿ ನಕ್ಕೆ.

"ಆಂಟಿ, ಹುಕ್ಕೇ ಬೀಳ್ತಿಲ್ಲ" ಎಂದಳು. ತೆಗೆದುಕೊಂಡು ನೋಡಿದೆ. ಮೇಲಿಂದ ಕೆಳಗಿನ ತನಕ ಅಷ್ಟೂ ಹುಕ್ಕುಗಳನ್ನು ಉಲ್ಟಾ ಹೊಲಿದಿದ್ದೇನೆ. ಅಚ್ಚುಕಟ್ಟಾಗಿ, ಮುಚ್ಚಿದ್ದು ಮುಂದೆ, ಬಾಯಿ ಹಿಂದೆ.

ವರಾಂಡದಲ್ಲಿ ಬೈಕಿನ ಪಕ್ಕ ಸೀಮೆಎಣ್ಣೆ ಬಟ್ಟೆ ಹಿಡಿದು ಕೂತಿದ್ದ ಇವರು ತಲೆ ಎತ್ತಲೂ ಇಲ್ಲ.

"ಅದು ಚೈನಲ್ಲ ಕಣೇ, ಬ್ಲೌಸು" ಎಂದರು.