ಭಾವನ ಐದು ರಾಜಧಾನಿಗಳು

ಆ ಭಾನುವಾರ ಟೋಕಿಯೋದ ಕೋಟೋ ಬಡಾವಣೆಯ ಅಕ್ಕನ ಫ್ಲ್ಯಾಟಿನಲ್ಲಿ ಬಿಸಿಬೇಳೆಬಾತಿನ ಸುತ್ತ ಕೂತಿದ್ದವರು ನಾಲ್ವರು: ಅಕ್ಕ, ಅವಳ ಎಂಟು ವರ್ಷದ ಮಗಳು ಪುಟ್ಟಿ, ಎರಡು ಮಹಡಿ ಕೆಳಗಿನಿಂದ ಒಗ್ಗರಣೆಯ ವಾಸನೆ ಹಿಡಿದು ಬಂದ ನಾನು, ಮತ್ತು ನನ್ನ ಭಾವ. ಇಷ್ಟು ಸಾಧು ಮನುಷ್ಯರು ಇಡೀ ಟೋಕಿಯೋದಲ್ಲಿ ಸಿಗಲಾರರು. ಅವರಿಗಿರುವುದು ಒಬ್ಬನೇ ವೈರಿ. ಅವನು ಸತ್ತೂ ಎಂಟುನೂರು ವರ್ಷವಾಗುತ್ತ ಬಂತು!

ಭಾವ ಇಲ್ಲಿ ಇತಿಹಾಸದ ಸಂಶೋಧಕರು. ಮಂಗೋಲರಿಗಿಂತ ಮೊದಲೇ ಹುಲ್ಲುಗಾವಲಿನಿಂದೆದ್ದು ಬಂದು ಚೀನಾದ ಉತ್ತರವನ್ನಾಳಿದ ಖಿತಾನರೆಂದರೆ ಅವರಿಗೆ ಪಂಚಪ್ರಾಣ. ಅವರ ವೈರಿಯಾದ ಮಂಗೋಲರ ಆ ದೊಡ್ಡ ಖಾನನ ಹೆಸರನ್ನು ಮಾತ್ರ ಮನೆಯಲ್ಲಿ ಎತ್ತುವಂತಿಲ್ಲ.

"ಖಿತಾನರನ್ನ ಸೋಲಿಸಿದ್ದು ಜುರ್ಚೆನ್ ಬುಡಕಟ್ಟಿನವರಲ್ವಾ ಭಾವ? ಪಾಪ, ಆ ಖಾನ ಏನು ಮಾಡಿದ?" ಎಂದೆ ನಾನು.

"ಖಿತಾನರ ಹೆಸರು ನುಂಗಿಬಿಟ್ಟನಲ್ಲಯ್ಯಾ! ಇವತ್ತು ಯಾರನ್ನ ಕೇಳಿದ್ರೂ ಅವನೊಬ್ಬನೇ ಗೊತ್ತು!"

ವೈರವಾದರೂ ದೂರದ್ದು, ಪ್ರೀತಿ ಮನೆಯೊಳಗೇ ನುಗ್ಗಿತ್ತು. ಖಿತಾನರಿಗೆ ಐದು ರಾಜಧಾನಿಗಳಿದ್ದವಂತೆ. ಆದರೂ ದೊರೆ ಒಂದರಲ್ಲೂ ನೆಲೆ ನಿಲ್ಲದೆ, ಋತು ಬದಲಾದಂತೆ ಡೇರೆ ಕಿತ್ತು ಆಸ್ಥಾನಸಮೇತ ಹೊರಡುತ್ತಿದ್ದನಂತೆ. ಭಾವನೂ ಅದನ್ನೇ ಹಿಡಿದರು. ಎರಡು ಕೋಣೆಯ ಫ್ಲ್ಯಾಟಿನಲ್ಲಿ! ವಸಂತ ಬಂದರೆ ಅವರ ಹಾಸಿಗೆ ಬಾಲ್ಕನಿ ಬಾಗಿಲಿಗೆ, ಬೇಸಿಗೆಗೆ ಏಸಿ ಕೆಳಕ್ಕೆ, ಎಲೆ ಕೆಂಪಾದರೆ ಅಡುಗೆಮನೆಗೆ, ಚಳಿಗೆ ಹೀಟರ್ ಪಕ್ಕಕ್ಕೆ. ಐದನೆಯ ರಾಜಧಾನಿ ಬಚ್ಚಲುಮನೆ ಎಂದು ಅಕ್ಕನ ಲೆಕ್ಕ. ಭಾವ ಅಲ್ಲಿಂದ ಬೇಗ ಹೊರಟವರೇ ಅಲ್ಲ.

"ಮಹಾರಾಜರು ನಾಳೆ ಕಸ ಹೊರಗಿಡಕ್ಕೆ ದಂಡೆತ್ತಿ ಹೋಗ್ತಾರಾ?" ಎಂದು ಕೇಳಿದ ಅಕ್ಕ ಅದೇ ಉಸಿರಿನಲ್ಲಿ ಹೇಳಿದಳು: "ನನ್ನನ್ನ ನಗೋಯಾ ಪ್ರಾಜೆಕ್ಟಿಗೆ ಹಾಕಿದಾರೆ. ಏಪ್ರಿಲ್‌ಗೆ ಎಲ್ರೂ ಆ ಊರಿಗೆ ಶಿಫ್ಟ್ ಆಗ್ಬೇಕು."

"ಇಯಾದಾ!" ಎಂದಳು ಪುಟ್ಟಿ. ಒಲ್ಲೆ ಎನ್ನುವುದನ್ನು ಅವಳು ಯಾವಾಗಲೂ ಜಪಾನಿಯಲ್ಲೇ ಹೇಳುವುದು. ಇದೇ ಕಟ್ಟಡದ ಗೆಳತಿ ಹಾರುಕಾಳನ್ನು ಬಿಟ್ಟು ಒಂದು ದಿನ ಇದ್ದವಳಲ್ಲ ಅವಳು.

ಭಾವನಿಗೆ ಹುರುಪು ಬಂತು. "ಹಾಗನ್ಬಾರ್ದು ಪುಟ್ಟಿ! ಖಿತಾನರು ಎಷ್ಟು ಖುಷಿಯಾಗಿ ಗಂಟುಮೂಟೆ ಕಟ್ತಿದ್ರು ಗೊತ್ತಾ?"

"ಖಿತಾನ್ ಮಕ್ಕಳು ಬೆಸ್ಟ್ ಫ್ರೆಂಡ್‌ನ ಬಿಟ್ಟು ಹೋಗ್ತಿದ್ರಾ ಅಪ್ಪಾ?" ಈ ಸಲ ಕನ್ನಡದಲ್ಲೇ ಕೇಳಿದಳು.

ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಖಿತಾನರ ವಿಷಯದಲ್ಲಿ ಭಾವ ಸುಳ್ಳು ಹೇಳುವುದುಂಟೇ? ತಟ್ಟೆ ನೋಡುತ್ತ, "ಇಲ್ಲ ಕಂದ. ಎಲ್ರೂ ಒಟ್ಟಿಗೇ ಹೋಗ್ತಿದ್ರು" ಎಂದರು.

ಪುಟ್ಟಿ ಅಳುತ್ತ ಒಳಗೋಡಿ ಬಾಗಿಲು ಹಾಕಿಕೊಂಡಳು. "ಅದನ್ನ ಈಗಲೇ ಹೇಳ್ಬೇಕಿತ್ತಾ?" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಸಂಜೆ ಹೊತ್ತಿಗೆ ಭಾವನ ಹಾಸಿಗೆ ಆ ಬಾಗಿಲ ಮುಂದಿತ್ತು. ಯಾವ ಋತುವಿಗೂ ಸೇರದ ಜಾಗ.

ಏಪ್ರಿಲ್‌ನಲ್ಲಿ ಅವರು ನಗೋಯಾಕ್ಕೆ ಹೋದರು. ಬೇಸಿಗೆ ರಜೆ ಶುರುವಾದ ದಿನ, ಅದೇ ಕಟ್ಟಡದಲ್ಲುಳಿದ ನನ್ನ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಭಾವ, ಬಗಲಲ್ಲಿ ಸುತ್ತಿದ ಹಾಸಿಗೆ. ಹಿಂದೆ ಪುಟ್ಟಿ, ಆಗಲೇ ಹಾರುಕಾಳ ಕೈ ಹಿಡಿದುಕೊಂಡು.

"ಬೇಸಿಗೆ ರಾಜಧಾನಿ ಇನ್ಮೇಲೆ ಇಲ್ಲೇ ಕಣಯ್ಯಾ" ಎಂದರು ಭಾವ.

ನಾನು ಏಸಿ ಕೆಳಗಿದ್ದ ನನ್ನ ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡೆ.