ನಮ್ಮತ್ತೆ ಮತ್ತು ಊಟ ಒಲ್ಲದ ಆಮೆ

ನಮ್ಮತ್ತೆಯವರನ್ನು ಯಾವ ಕೆಲಸಕ್ಕೆ ಬೇಕಾದರೂ ಕಳಿಸಬಹುದು. ಹೋದ ಕೆಲಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿಕೊಂಡು ಬರುತ್ತಾರೆ! ಒಮ್ಮೆ ಕರಿಬೇವು ತರಲು ಹೋದವರು ಪಕ್ಕದ ಓಣಿಯ ಹುಡುಗಿಗೆ ಗಂಡು ಗೊತ್ತುಮಾಡಿ ಬಂದಿದ್ದರು. ಕರಿಬೇವು ಮಾತ್ರ ಬಂದಿರಲಿಲ್ಲ. ಹೀಗಿರುವಾಗ, ಕನ್ನಡಕ ಮಾಡಿಸಲೆಂದು ಹೊಸಪೇಟೆಗೆ ಹೋದವರು ಕನ್ನಡಕವಿಲ್ಲದೆ, ಸ್ಟೀಲ್ ಡಬ್ಬಿಯಲ್ಲೊಂದು ಆಮೆ ಹಿಡಿದು ನಮ್ಮೂರು ಕೊಟ್ಟೂರಿನಲ್ಲಿ ರೈಲಿಳಿದು ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. (ಸುಳ್ಳು. ಡಬ್ಬಿ ತೆರೆದವಳೇ ಕಿರುಚಿದ್ದೆ. ಬೆಳಿಗ್ಗೆ ನಾನೇ ಬುತ್ತಿ ಕಟ್ಟಿಕೊಟ್ಟ ಡಬ್ಬಿಯದು!)

ಅಂಗೈಯಗಲದ ನೀರಾಮೆ. ಕಿವಿಯ ಹತ್ತಿರ ಕೆಂಪು ಪಟ್ಟಿ. ಯಾಕೆ ತಂದಿರಿ ಎಂದರೆ, ಬಣ್ಣದ ಮೀನು ಮಾರುವ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಅದನ್ನು ಹೋಗಿ ಬರುವವರೆಲ್ಲ ಬೆರಳಿನಿಂದ ಬಡಿದು ಬಡಿದು ನೋಡುತ್ತಿದ್ದರಂತೆ. ಇವರಿಗೆ ಕರುಳು ಚುರುಕ್ ಎಂದಿತಂತೆ. ಗಂಡೋ ಹೆಣ್ಣೋ ಎಂದು ನನ್ನ ಗಂಡ ಕೇಳಿದ್ದಕ್ಕೆ, ಇಷ್ಟು ಜನರ ಕಾಟ ಬಾಯಿ ಮುಚ್ಚಿಕೊಂಡು ತಡೆದುಕೊಂಡಿದೆಯೆಂದರೆ ಹೆಣ್ಣೇ ಎಂದು ತೀರ್ಪು ಕೊಟ್ಟರು. ಅದನ್ನು ಒಪ್ಪದಿರಲು ನನಗೆ ಕಾರಣವಿರಲಿಲ್ಲ.

ನಲ್ಲಿ ನೀರನ್ನು ಒಂದು ದಿನ ಹಾಗೇ ಇಟ್ಟು ಆಮೇಲೆ ಹಾಕಿ ಎಂದು ಅಂಗಡಿಯವನು ಹೇಳಿದ್ದನಂತೆ. ನಮ್ಮ ಓಣಿಯ ನಲ್ಲಿಯೋ ತನಗೆ ಮನಸ್ಸು ಬಂದ ದಿನ ಬರುವಂಥದ್ದು. ಅತ್ತೆ ಮನೆಯ ಬಕೆಟ್ಟು, ಕೊಡ, ಹಂಡೆಗಳನ್ನೆಲ್ಲ ತುಂಬಿಸಿ ಆಮೆಯ ಹೆಸರಿಗೆ ಬರೆದುಬಿಟ್ಟರು! ಟವೆಲು ಹೆಗಲಿಗೆ ಹಾಕಿಕೊಂಡು ನಿಂತ ನನ್ನ ಗಂಡನಿಗೆ ತಾಯಿಯಿಂದ ಸಿಕ್ಕ ಉತ್ತರ ಇದು: "ನೀ ಹುಟ್ಟಿದಾಗಿಂದ ಜಳಕ ಮಾಡಾಕತ್ತಿ. ಒಂದಿನ ಬಿಟ್ರ ಏನಾಗ್ತೈತಿ?"

ಬಿಸಿಲು ಕಾಯಿಸಿಕೊಳ್ಳಲು ಆಮೆಗೆ ಟಬ್ಬಿನೊಳಗೆ ಒರಳಿನ ಗುಂಡು ಬಂತು. ಎಲ್ಲ ಸೌಕರ್ಯವೂ ಆಯಿತು. ಆದರೆ ಆಮೆ ಉಣ್ಣಲಿಲ್ಲ. ಅಂಗಡಿಯವನು ಕೊಟ್ಟ ಗುಳಿಗೆಯಂಥ ಕಾಳು ನೀರಲ್ಲಿ ತೇಲಿತು, ಆಮೆ ತಲೆಯನ್ನು ಒಳಗೆಳೆದುಕೊಂಡಿತು. ತೇಲುವುದೇ ಇಷ್ಟವಿರಬೇಕೆಂದು ಅತ್ತೆ ಮಂಡಕ್ಕಿ ಹಾಕಿದರು. ಮಂಡಕ್ಕಿ ಉಬ್ಬಿ ಟಬ್ಬು ಗಂಜಿಯಾಯಿತು. ಎದುರು ಮನೆಯ ಮೆಕ್ಯಾನಿಕ್ ಸಾಹೇಬರ ಹೆಂಡತಿ ಎರೆಹುಳು ಕೊಟ್ಟು ನೋಡಿ ಎಂದರು. ಎರೆಹುಳು! ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಅತ್ತೆ ಒಂದು ಕ್ಷಣ ಕೊರಳ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ ಅದರ ಊಟ ಅದಕ್ಕೆ ಎಂದು ಗುದ್ದಲಿ ಹಿಡಿದು ಹಿತ್ತಲಿಗೆ ಹೋಗೇಬಿಟ್ಟರು. ಹುಳವನ್ನು ಎಲೆಯ ಮೇಲಿಟ್ಟುಕೊಂಡು, ಮುಖ ಆ ಕಡೆ ತಿರುಗಿಸಿ, ಅದಕ್ಕೂ ಕ್ಷಮೆ ಕೇಳುತ್ತ ತಂದರು. ಇಂಥ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆಮೆ ಅದನ್ನೂ ಮುಟ್ಟಲಿಲ್ಲ.

ತಮಾಷೆ ಅಲ್ಲಿಗೆ ಮುಗಿಯಿತು. ಯಾಕೆಂದರೆ ಮನೆಯವರೆಲ್ಲ ಉಂಡ ಮೇಲೆಯೇ ನಮ್ಮತ್ತೆಯ ಊಟ. ಅದು ಅವರ ಜೀವಮಾನದ ನೇಮ. ಆಮೆಯೂ ಈಗ ಮನೆಯವಳಲ್ಲವೇ? ಮೂರು ದಿನ ಬರೀ ಮಜ್ಜಿಗೆ ಕುಡಿದರು. ಮೊದಲೇ ಸಕ್ಕರೆ ಕಾಯಿಲೆ. ಏಳುವಾಗ ಗೋಡೆ ಹಿಡಿಯತೊಡಗಿದರು. ನಾನು ಬೈದೆ, ಬೇಡಿಕೊಂಡೆ, ಆಮೆಯನ್ನು ವಾಪಸು ಕೊಟ್ಟು ಬರುವುದಾಗಿ ಹೆದರಿಸಿದೆ. ಯಾವುದಕ್ಕೂ ಜಗ್ಗಲಿಲ್ಲ.

ನಾಲ್ಕನೆಯ ದಿನವೂ ಪಡಸಾಲೆಯಲ್ಲಿ ಓಣಿಯ ಜನ ಟಬ್ಬು ಸುತ್ತುವರಿದಿದ್ದರು. ಒಬ್ಬರು ಆಮೆ ಸತ್ತಿದೆಯೋ ಇದೆಯೋ ಎಂದು ಬೆರಳಿನಿಂದ ಟಬ್ಬು ಬಡಿದರು. ಅತ್ತೆ ಆ ಬೆರಳನ್ನೇ ನೋಡಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ನನ್ನಿಂದ ಟಬ್ಬನ್ನು ಹಿತ್ತಲಿನ ಬಿಸಿಲಿಗೆ ಹೊರಿಸಿ, ಅಂಗಡಿಯವನು ಕೊಟ್ಟ ನಾಲ್ಕು ಕಾಳು ಹಾಕಿದರು. ಟಬ್ಬಿಗೆ ಬೆನ್ನು ಮಾಡಿ ಕೂತು, ಮೊರ ತೆಗೆದುಕೊಂಡು ಜೋಳ ಹಸನು ಮಾಡತೊಡಗಿದರು. ನನ್ನನ್ನೂ ಹಾಗೇ ಕೂಡಿಸಿದರು. ಎಷ್ಟು ಹೊತ್ತು ಕೂತೆವೋ. ಬೆನ್ನ ಹಿಂದೆ ನೀರು ಟಪ್ ಎಂದಿತು. ಮತ್ತೊಮ್ಮೆ ಟಪ್. ತಿರುಗಹೋದ ನನ್ನ ಕೈಯನ್ನು ಅತ್ತೆ ಹಿಡಿದುಕೊಂಡರು.

"ತಿರುಗಬ್ಯಾಡ. ಹೊಸದಾಗಿ ಬಂದಾಕಿ ಉಣ್ಣಾಗ ನೋಡಬಾರದು."

ಹತ್ತೊಂಬತ್ತು ವರ್ಷದ ಹಿಂದೆ ಹರಪನಹಳ್ಳಿ ಕಡೆಯಿಂದ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬೀಗರೂ ನೆಂಟರೂ ನನ್ನ ತಟ್ಟೆಯ ಸುತ್ತ ಕೂತು ನಾನು ಹೇಗೆ ಉಣ್ಣುತ್ತೇನೆಂದು ನೋಡುತ್ತಿದ್ದರು. ಎರಡು ದಿನ ತುತ್ತು ಗಂಟಲಿಳಿಯಲಿಲ್ಲ. ಮೂರನೆಯ ದಿನ ಅತ್ತೆ ಎಲ್ಲರನ್ನೂ ಅಡುಗೆಮನೆಯಿಂದ ಹೊರಗೆ ಕಳಿಸಿ, ತಟ್ಟೆ ಇಟ್ಟು, ನನಗೆ ಬೆನ್ನು ಮಾಡಿ ಕೂತು ಜೋಳ ಹಸನು ಮಾಡಿದ್ದರು. ನಾನು ನಾಲ್ಕು ರೊಟ್ಟಿ ತಿಂದಿದ್ದೆ. ತಿಂದು, ಸಂಜೆ ತವರಿಗೆ ಫೋನು ಮಾಡಿ, ಅತ್ತೆ ನನ್ನ ಮುಖವನ್ನೂ ನೋಡುವುದಿಲ್ಲ ಎಂದು ಅತ್ತಿದ್ದೆ! ಆ ಬೆನ್ನಿನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ.

"ಅತ್ತೀ, ನಾ ಬಂದಾಗ ಆ ಎರಡು ದಿನ ನೀವು ಉಂಡಿದ್ರೇನ್ರಿ?"

"ನೀ ಉಂಡಿದ್ದಿಲ್ಲ, ನಾ ಹ್ಯಾಂಗ ಉಣ್ಲವ್ವ?" ಎಂದರು, ಜೋಳದಿಂದ ಕಣ್ಣೆತ್ತದೆ.

ಒಳಗೆ ಹೋಗಿ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದು ಅವರ ಮುಂದಿಟ್ಟೆ. ನನ್ನ ಕಣ್ಣು ಅವರಿಗೆ ಕಾಣಬಾರದೆಂದು, ಅವರ ಕೈಯಿಂದ ಮೊರ ಇಸಿದುಕೊಂಡು ಬೆನ್ನು ಮಾಡಿ ಕೂತೆ. ಹಸನು ಮಾಡೋಣವೆಂದು ಜೋಳದಲ್ಲಿ ಕೈಯಾಡಿಸಿದೆ. ಅದು ಎಂದೋ ಹಸನು ಮಾಡಿಟ್ಟ ಜೋಳ, ಒಂದೇ ಒಂದು ಕಲ್ಲೂ ಇರಲಿಲ್ಲ.