ಮದುವಿ ಗಾದಿ ಜೊತಿಗೆ ಕೊಟ್ಟ ಬುದ್ಧಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನಾಗ ನಾನು ಹತ್ತಿ ತುಂಬಿದ ಮದುವಿ ಗಾದಿ ಮ್ಯಾಲ ಒಂದು ಜೋಡೀನೂ ಬೆನ್ನು ತಿರುವಿ ಮಲಗಿಲ್ಲ. ಅಲ್ಲ ಅನ್ನಬೇಕಾದ ಹಿರಿಯರು ಒಬ್ಬರೂ ಈಗ ಉಳಿದಿಲ್ಲ, ಹಿಂಗಾಗಿ ಇದು ಖರೇನ. ಸಾಲಿ ಕಟ್ಟಿ ಹತ್ತಿದಾಂವಲ್ಲ ನಾನು. ಆದ್ರ ಎಪ್ಪತ್ತು-ಎಂಬತ್ತರ ಆ ಕಾಲದಾಗ ಮದುಮಗನಿಗೆ ಮೊದಲ ರಾತ್ರಿ ಬಗ್ಗೆ ಅಪ್ಪ ಬಾಯಿ ಬಿಡೂದಿಲ್ಲ, ಗೆಳ್ಯಾರು ಬಿಟ್ಟಿದ್ದು ಕೆಲಸಕ್ಕ ಬರೂದಿಲ್ಲ. ಮದುಮಗಂದಿರು ಗಾದಿ ಹೆಂಗಾತು ನೋಡಾಕ ಅಂತ ಬಂದು, ಹತ್ತಿ ರಾಶಿ ಮುಂದ ಕುಂತು, ಕಾಲ ಹೆಬ್ಬಟ್ಟಿಲೆ ನೆಲ ಕೆರೀತಿದ್ರು. ನಾನ ಬಾಯಿ ಬಿಡಿಸಬೇಕು. ಹಿಂಗಾಗಿ ಇಂಥಾವು ನಡೀತನ ಇರ್ತಿದ್ವು.

ಹಾನಗಲ್ಲಿನ ಎಣ್ಣಿ

ಭತ್ತದ ವ್ಯಾಪಾರಿಯ ಮಗ ಒಬ್ಬಾಂವ, ಒಳಗ ಹೋದಕೂಡಲೆ ಮೊದಲು ಏನ್ ಮಾಡ್ಲಿರಿ ಅಂದ. ಮೈ ಮುಟ್ಟಾಕ ಹೋಗಬ್ಯಾಡ, ಹೊತ್ತು ಹೊಂಟಾಗಿಂದ ನಿಂತು ದಣದಿರ್ತಾಳ, ಕಾಲು ನೋಯಾಕತ್ತಾವೇನು ಅಂತ ಕೇಳು ಅಂದೆ. ಕೇಳ್ಯಾನ. ಆಕಿ ಹೌದು ಅಂದಾಳ. ಇಂವ ಗಾಬರಿಬಿದ್ದು ಬಾಗಲಾ ತೆಗದು ಎಣ್ಣಿ ಎಣ್ಣಿ ಅಂತ ಓಡ್ಯಾನ. ಬೀಗರೆಲ್ಲಾ ಎದ್ದು ಕುಂತಾರ. ಮರುದಿನ ಅವರಪ್ಪ ನನ್ನ ಬೈಯಾಕ ಬಂದ. "ನಿನ್ನ ಬುದ್ಧಿಯಿಂದ ಈಗ ನಮ್ಮನಿ ಮುದುಕೀಗೂ ಕಾಲು ನೋಯಾಕತ್ತಾವ."

ಶಿಗ್ಗಾಂವಿಯ ಪೈಲ್ವಾನ

ಗರಡಿ ಗೆಳ್ಯಾರು ಇವನಿಗೆ ಮೊದಲ ದಿನಾನ ಜೋರು ತೋರಿಸು ಅಂತ ತಲಿ ತುಂಬಿದ್ರು. ಹತ್ತಿ ತೋರಿಸಿ ಹೇಳಿದೆ: ಗುದ್ದಿದ್ರ ಗಂಟಾಕ್ಕೈತಿ, ಮೆಲ್ಲಕ ಬಿಡಿಸಿದ್ರ ತಾನ ಅರಳತೈತಿ. ಆಕಿ ಬ್ಯಾಡ ಅಂದ್ರ? ಅಂದ. ಬ್ಯಾಡ ಅಂದ್ರ ಬ್ಯಾಡ. ಮಾತಾಡಿಸು, ಕೇಳು, ಹೂಂ ಅನ್ನೂತನಾ ಕಾಯಿ ಅಂದೆ. ವಾರ ಬಿಟ್ಟು ಮಾರಿ ಸಣ್ಣದು ಮಾಡಿಕೊಂಡು ಬಂದ. ಕುಸ್ತಿ ಸುದ್ದಿ ಹೇಳಿ ಹೇಳಿ ತೀರಿದ್ವಂತ, ಆಕಿ ಇನ್ನೂ ಹೂಂ ಅಂದಿಲ್ಲಂತ. ಕೇಳಿದಿಯೇನೋ ಅಂದೆ. ಅದನ್ನ ಮರತಿದ್ದ. ಮರುದಿನ ಹಲ್ಲು ಕಿಸಗೊಂಡು ಬಂದ. "ಮೂರನೇ ಕುಸ್ತಿಗೇ ಆಕಿ ಹೂಂ ಅನ್ನಾಕ ತಯಾರಿದ್ಲಂತರಿ. ನಾನ ಮಾತು ನಿಲ್ಲಸಲಿಲ್ಲಂತ."

ಹಿರೇಕೆರೂರಿನ ಬಸ್ಸು

ಗೋವಿನಜೋಳದ ವ್ಯಾಪಾರ ಮಾಡೂ ಒಬ್ಬ ಗಂಡು, ನಾಳೆ ಮದುವಿ ಅಂದ್ರ ಇವತ್ತ ಕೈಯಾಗ ಚೀಲ ಹಿಡದು ಬಂದ. ಗಾದಿ ಬ್ಯಾಡ, ಹಾವೇರಿ ಬಸ್ಸು ಹತ್ತಿ ಎಲ್ಲೆರ ಹೋಗತೇನಿ, ಆಕಿ ಮುಂದ ನಾ ನಡುಗಿದ್ರ ನಕ್ಕಾಳು ಅಂದ. ಬಸ್ಸು ಅತ್ಲಾಗ ಗುರ್ ಅನ್ನಾಕತ್ತಿತ್ತು. ಇಂವ ಹತ್ತಿದ್ರ ಹಂದರದಾಗ ಮದುಮಗಳ ಗತಿ ಏನು?

ನಾನು ಶುರು ಮಾಡಿದೆ. ನಡುಗೂದಂದ್ರ ಏನೋ? ನನ್ನ ಮೊದಲ ರಾತ್ರಿ ಆಳೆತ್ತರದ ಗಾದಿ. ಅದರ ಮ್ಯಾಲ ಹುಲಿ ಹಂಗ ಕುಂತು, ಕಾಲು ನೋಯಾಕತ್ತಾವೇನು ಅಂತ ಆಕಿನ್ನ ಕೇಳಿದೆ…

ಹಿಂದ ಗಾದಿ ಗಲೀಪ ಹೊಲೀತಿದ್ದ ನನ್ನ ಹೆಂಡತಿ ಸೂಜಿ ನಿಲ್ಲಿಸಿದ್ಲು.

"ಎಲ್ಲೀ ಗಾದಿ? ಅದನ್ನ ಮಾಸೂರಿನವರಿಗೆ ಮಾರಿದ್ರಲ್ಲ. ಕಂಬಳಿ ಮ್ಯಾಲ ಕುಂತು ಮಳ್ಯಾಗ ತೊಯ್ದ ಆಕಳ ಕರದ ಹಂಗ ನಡುಗಾಕತ್ತಿದ್ರಿ. ಕಾಲು ನೋಯಾಕತ್ತಾವೇನು ಅಂತ ಕೇಳಿದಾಕಿ ನಾನು."

ಅಂವ ಆಕಿ ಮಾರಿ ನೋಡಿದ. "ನೀವು ನಕ್ಕಿರೇನವ್ವಾ?"

"ಇಲ್ಲಪ್ಪಾ. ನಾನೂ ನಡುಗಾಕತ್ತಿದ್ದೆ."

ಅಂವ ಚೀಲ ಹತ್ತಿ ರಾಶಿ ಮ್ಯಾಲ ಇಟ್ಟ. ಬಸ್ಸು ಹೋತು. ಆಮ್ಯಾಲ ನನ್ನ ಕಡೆ ತಿರುಗಿ, "ಹಂಗಾರ ಆ ಬುದ್ಧಿ ನಿಮ್ದಲ್ಲ?" ಅಂದ.

ನಾನು ಹೆಗಲ ಮ್ಯಾಲಿನ ಹತ್ತಿ ಕೊಡವಿದೆ.

"ಮಾತು ಆಕೀದು ಇರಬಹುದೋ. ಕಾಲು ನನ್ನವ ಅಲ್ಲೇನು?"